ಡಿಜಿಟಲ್ ಅವಳಿ: ಬಳಕೆ ಮತ್ತು ಹೊಣೆ

ಯಂತ್ರ, ಸೇತುವೆ, ನಗರ, ಮನುಷ್ಯನ ಹೃದಯ, ಹೀಗೆ ನಿಜವಾಗಿ ಇರುವ ಯಾವುದಾದರೂ ಒಂದರ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಮೂಲದಲ್ಲಿ ಆಗುವ ಬದಲಾವಣೆಗಳು ಆ ಪ್ರತಿರೂಪಕ್ಕೂ ತಲುಪುತ್ತಿರುವಂತೆ ಏರ್ಪಾಡು ಮಾಡಿದರೆ ಅದು ಡಿಜಿಟಲ್ ಅವಳಿ. ಇದಕ್ಕೆ ಮೂರು ಅಂಗ. ಒಂದು, ಹೊರಗಿನ ಲೋಕದಲ್ಲಿರುವ ವಸ್ತು. ಎರಡು, ಕಂಪ್ಯೂಟರಿನಲ್ಲಿರುವ ಅದರ ಗಣಿತರೂಪ. ಮೂರು, ಇವೆರಡರ ನಡುವೆ ಮಾಹಿತಿ ಹೋಗಿಬರುವ ದಾರಿ. ಮೂರನೆಯದೇ ಇದರ ಜೀವಾಳ. ಆ ದಾರಿ ಕಡಿದುಹೋದ ದಿನದಿಂದ ಅವಳಿ ಹಳೆಯ ಸ್ಥಿತಿಯ ದಾಖಲೆಯಾಗಿ ಉಳಿಯುತ್ತದೆ.

ಕಟ್ಟಡಗಳ ಮೂರು ಆಯಾಮದ ಚಿತ್ರಗಳನ್ನೆಲ್ಲ ಅವಳಿ ಎನ್ನುವ ರೂಢಿ ಈಚೆಗೆ ಬೆಳೆದಿದೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಹಂಪಿಯ ಗುಡಿ, ಮಂಟಪ, ಶಿಲ್ಪಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವ ‘ಡಿಜಿಟಲ್ ಹಂಪಿ’ ಎಂಬ ಯೋಜನೆ ನಡೆಯಿತು. ಭಗ್ನವಾದ ಕಟ್ಟಡ ಮೊದಲು ಹೇಗಿದ್ದಿರಬಹುದು ಎಂದು ಅರಿಯಲು ಇಂಥ ಕೆಲಸ ಬಹಳ ಉಪಯುಕ್ತ. ಆದರೆ ಹಂಪಿಯಲ್ಲಿ ನಾಳೆ ಒಂದು ಕಂಬ ವಾಲಿದರೆ ಕಂಪ್ಯೂಟರಿನಲ್ಲಿರುವ ಕಂಬ ತಾನಾಗಿ ವಾಲುವುದಿಲ್ಲ. ವಿಯೆನ್ನಾದ ವರ್ನರ್ ಕ್ರಿಟ್ಸಿಂಗರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಗೊಂದಲ ಬಿಡಿಸಲು ಮೂರು ಮೆಟ್ಟಿಲುಗಳನ್ನು ಗುರುತಿಸಿತು. ಮಾಹಿತಿಯನ್ನು ಜನರೇ ತುಂಬಬೇಕಾಗಿದ್ದರೆ ಅದು ಮಾದರಿ. ವಸ್ತುವಿನಿಂದ ಮಾಹಿತಿ ತಾನಾಗಿ ಹರಿದುಬರುತ್ತಿದ್ದರೆ ಅದು ನೆರಳು. ಹಾಗೆ ಬಂದ ಮಾಹಿತಿಯಿಂದ ಹುಟ್ಟಿದ ನಿರ್ಣಯವೂ ತಾನಾಗಿ ವಸ್ತುವಿಗೆ ಹಿಂದಿರುಗಿ ಅದರ ನಡೆಯನ್ನು ತಿದ್ದಿದರೆ ಆಗ ಮಾತ್ರ ಅವಳಿ. ಈ ಲೆಕ್ಕಕ್ಕೆ ಇಟ್ಟು ನೋಡಿದರೆ ಅವಳಿಯೆಂದು ಹೆಸರು ಹೊತ್ತ ಎಷ್ಟೋ ವ್ಯವಸ್ಥೆಗಳು ನೆರಳಿನ ಮೆಟ್ಟಿಲಲ್ಲೇ ಇವೆ.

ಈ ಕಲ್ಪನೆಯ ಬೇರು ಬಾಹ್ಯಾಕಾಶ ಯಾನದಲ್ಲಿದೆ. 1970ರ ಏಪ್ರಿಲ್ 13ರಂದು, ಚಂದ್ರನತ್ತ ಸಾಗಿದ್ದ ಅಪೊಲೊ 13 ನೌಕೆಯ ಆಮ್ಲಜನಕದ ತೊಟ್ಟಿಯೊಂದು ಸಿಡಿಯಿತು. ನೌಕೆ ಆಗ ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಒಳಗಿದ್ದ ಮೂವರನ್ನು ಉಳಿಸಲು ಮುಖ್ಯ ಘಟಕದ ವಿದ್ಯುತ್ತನ್ನು ಪೂರ್ತಿ ಆರಿಸಿ, ಭೂಮಿ ಹತ್ತಿರವಾದಾಗ ಅಳಿದುಳಿದ ಬ್ಯಾಟರಿಯಲ್ಲೇ ಮತ್ತೆ ಚಾಲೂ ಮಾಡಬೇಕಾಗಿತ್ತು. ಯಾವ ಸ್ವಿಚ್ಚು ಮೊದಲು, ಯಾವುದು ಆಮೇಲೆ? ಕ್ರಮ ತಪ್ಪಿದರೆ ಬ್ಯಾಟರಿ ಬರಿದಾಗುತ್ತಿತ್ತು. ರುಬೆಲ್ಲಾ ಸೋಂಕು ತಗಲಿರಬಹುದೆಂಬ ಶಂಕೆಯಿಂದ ಆ ಯಾನದಿಂದ ಕೈಬಿಟ್ಟಿದ್ದ ಗಗನಯಾತ್ರಿ ಕೆನ್ ಮ್ಯಾಟಿಂಗ್ಲಿ ಮತ್ತು ಹೂಸ್ಟನ್ನಿನ ತಂತ್ರಜ್ಞರು ಆ ಕ್ರಮವನ್ನು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿ ನೋಡಿದರು. ಸಿದ್ಧವಾದ ಪಟ್ಟಿಯನ್ನು ರೇಡಿಯೋದಲ್ಲಿ ಓದಿ ಹೇಳಲಾಯಿತು. ಏಪ್ರಿಲ್ 17ರಂದು ಮೂವರೂ ಪೆಸಿಫಿಕ್ ಸಾಗರದಲ್ಲಿ ಕ್ಷೇಮವಾಗಿ ಇಳಿದರು. ತರಬೇತಿಗೆಂದು ಕಟ್ಟಿದ ಸಿಮ್ಯುಲೇಟರನ್ನು, ದೂರದಲ್ಲಿ ಕೆಟ್ಟುನಿಂತ ಆ ಒಂದೇ ನೌಕೆಯ ಅಂದಂದಿನ ಸ್ಥಿತಿಗೆ ಹೊಂದಿಸಿ ಬಳಸಿದ್ದು ಅಲ್ಲಿನ ವಿಶೇಷ.

ಸಾಫ್ಟ್‌ವೇರಿನಲ್ಲಿ ಲೋಕದ ಪ್ರತಿಬಿಂಬವೇ ಮೂಡುವ ಕಾಲ ಬರಲಿದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಗೆಲರ್ನ್‌ಟರ್ 1991ರಲ್ಲಿ ‘ಮಿರರ್ ವರ್ಲ್ಡ್ಸ್’ ಎಂಬ ಪುಸ್ತಕದಲ್ಲಿ ಬರೆದರು. 2002ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮೈಕೇಲ್ ಗ್ರೀವ್ಸ್, ಕಾರ್ಖಾನೆಯ ಉತ್ಪನ್ನವೊಂದನ್ನು ಹುಟ್ಟಿನಿಂದ ಗುಜರಿಗೆ ಹೋಗುವವರೆಗೆ ಹಿಂಬಾಲಿಸುವ ಬಗೆಯನ್ನು ವಿವರಿಸುತ್ತ ಮೇಲೆ ಹೇಳಿದ ಮೂರು ಅಂಗಗಳ ಚೌಕಟ್ಟನ್ನು ಮುಂದಿಟ್ಟರು. ನಾಸಾದ ಜಾನ್ ವಿಕರ್ಸ್ ಅದಕ್ಕೆ ಡಿಜಿಟಲ್ ಟ್ವಿನ್ ಎಂಬ ಹೆಸರಿಟ್ಟರು. 2010ರ ಹೊತ್ತಿಗೆ ನಾಸಾದ ತಂತ್ರಜ್ಞಾನ ಮುನ್ನೋಟದಲ್ಲಿ ಆ ಹೆಸರು ಸೇರಿತು. ಕಲ್ಪನೆ ಕೈಗೂಡಲು ಮೂರು ಸೌಲಭ್ಯಗಳು ಒದಗಬೇಕಾಗಿದ್ದವು: ಅಗ್ಗದ ಸೆನ್ಸರುಗಳು, ಮಾಹಿತಿಯನ್ನು ಒಯ್ಯುವ ಜಾಲ, ಅದನ್ನು ಅರಗಿಸಿಕೊಳ್ಳಬಲ್ಲ ಕಂಪ್ಯೂಟರ್ ಬಲ. ಮೂರೂ ಕಳೆದ ಒಂದೂವರೆ ದಶಕದಲ್ಲಿ ಒಟ್ಟಿಗೆ ಕೈಗೆಟುಕಿದವು.

ಅವಳಿ ಕೆಲಸ ಮಾಡುವ ಬಗೆ ಹೀಗೆ. ವಸ್ತುವಿನ ಮೇಲೆ ಕೂರಿಸಿದ ಸೆನ್ಸರುಗಳು ಶಾಖ, ಒತ್ತಡ, ಕಂಪನ, ಬಾಗು ಮುಂತಾದುವನ್ನು ಅಳೆದು ಕಳಿಸುತ್ತವೆ. ಕಂಪ್ಯೂಟರಿನಲ್ಲಿರುವ ಗಣಿತರೂಪ ಭೌತವಿಜ್ಞಾನದ ನಿಯಮಗಳ ಮೇಲೆ ನಿಂತಿರಬಹುದು, ಹಿಂದಿನ ಮಾಹಿತಿಯ ರಾಶಿಯಿಂದ ಕಲಿತದ್ದಾಗಿರಬಹುದು, ಎರಡರ ಬೆರಕೆಯೂ ಆಗಿರಬಹುದು. ಮುಂದಿನ ಕ್ಷಣದಲ್ಲಿ ವಸ್ತು ಹೇಗಿರಬೇಕೆಂದು ಅದು ಲೆಕ್ಕ ಹಾಕುತ್ತದೆ. ಸೆನ್ಸರು ಬೇರೆಯದೇ ಅಂಕಿ ಹೇಳಿದರೆ ಯಾರನ್ನು ನಂಬುವುದು? ಸೆನ್ಸರಿಗೂ ದೋಷವುಂಟು, ಲೆಕ್ಕಕ್ಕೂ ದೋಷವುಂಟು. ಎರಡರ ದೋಷವನ್ನೂ ತೂಗಿ ನಡುವಿನ ಅಂದಾಜನ್ನು ಹೊರಡಿಸುವ ಒಂದು ಗಣಿತ ವಿಧಾನವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದರು. ತನ್ನ ಲೆಕ್ಕದ ಮೇಲೆ ಹುಟ್ಟು ಹಾಕುತ್ತ, ದಡದ ಗುರುತು ಕಂಡಾಗಲೆಲ್ಲ ದಿಕ್ಕು ತಿದ್ದಿಕೊಳ್ಳುವ ಅಂಬಿಗನ ರೀತಿ ಅದು. ಅಪೊಲೊ ನೌಕೆಗಳು ದಾರಿ ಕಂಡುಕೊಂಡದ್ದು ಈ ವಿಧಾನದಿಂದ. ಇಂದಿನ ಅನೇಕ ಅವಳಿಗಳ ಒಳಗೂ ಇದರ ಬಗೆಬಗೆಯ ರೂಪಗಳು ಕೆಲಸ ಮಾಡುತ್ತವೆ.

ಹೀಗೆ ಮೂಲಕ್ಕೆ ಹತ್ತಿರವಾಗಿ ಇರಿಸಿಕೊಂಡ ಪ್ರತಿರೂಪದ ಮೇಲೆ, ಮೂಲಕ್ಕೆ ಅಪಾಯವಿಲ್ಲದೆ, ‘ಹೀಗೆ ಮಾಡಿದರೆ ಏನಾದೀತು’ ಎಂಬ ಪ್ರಶ್ನೆಗಳನ್ನು ಹಾಕಬಹುದು. ಹೊರೆ ಇಮ್ಮಡಿಯಾದರೆ? ಒಂದು ಬೋಲ್ಟು ಸಡಿಲವಾದರೆ? ಎರಡು ತಾಸು ಎಡೆಬಿಡದೆ ಮಳೆ ಸುರಿದರೆ? ಉತ್ತರದ ಜೊತೆಗೆ ಆ ಉತ್ತರ ಎಷ್ಟು ಖಚಿತ ಎಂಬುದನ್ನೂ ಅವಳಿ ಹೇಳಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2023ರ ಕೊನೆಯಲ್ಲಿ ಹೊರಡಿಸಿದ ವರದಿ ಒತ್ತಿ ಹೇಳಿದ್ದು ಇದನ್ನೇ: ಅವಳಿಯನ್ನು ಒಮ್ಮೆ ಪರೀಕ್ಷಿಸಿ ಸುಮ್ಮನಾಗುವಂತಿಲ್ಲ. ಮೂಲ ಬದಲಾಗುತ್ತಲೇ ಇರುವುದರಿಂದ ಪರೀಕ್ಷೆಯೂ ನಡೆಯುತ್ತಲೇ ಇರಬೇಕು.

ಅವಳಿಗಳು ಚೆನ್ನಾಗಿ ಬೇರೂರಿದ ಕ್ಷೇತ್ರ ವಿಮಾನದ ಎಂಜಿನ್. ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಕಂಪನಿ 1962ರಲ್ಲೇ ತನ್ನ ವೈಪರ್ ಎಂಜಿನ್ನಿನ ನಿರ್ವಹಣೆಗೆ, ಅದು ಹಾರಿದ ಗಂಟೆಗಳ ಲೆಕ್ಕದಲ್ಲಿ ಹಣ ಪಡೆಯುವ ಪದ್ಧತಿ ತಂದಿತ್ತು. ಆ ಕಂಪನಿಯನ್ನು ಕೊಂಡ ರೋಲ್ಸ್ ರಾಯ್ಸ್ ಅದನ್ನು ಮುಂದುವರಿಸಿತು. ಎಂಜಿನ್ ಕೆಟ್ಟು ಕೂತರೆ ನಷ್ಟ ತಯಾರಕರದೇ ಆದ್ದರಿಂದ, ಅದರ ಆರೋಗ್ಯ ತಿಳಿಯುವ ಆಸಕ್ತಿಯೂ ಅವರದಾಯಿತು. ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದ ಎರಡು ಎಂಜಿನುಗಳಲ್ಲಿ ಒಂದು ಮರಳುಗಾಡಿನ ಧೂಳು, ಬಿಸಿಯ ನಡುವೆ ಹಾರಿದರೆ, ಇನ್ನೊಂದು ಉತ್ತರದ ತಂಪು ಗಾಳಿಯಲ್ಲಿ ಹಾರುತ್ತದೆ. ಮೊದಲನೆಯದರ ಟರ್ಬೈನ್ ಅಲಗುಗಳು ಬೇಗ ಸವೆಯುತ್ತವೆ. ಎರಡಕ್ಕೂ ಇಷ್ಟು ಗಂಟೆಗೊಮ್ಮೆ ಎಂಬ ಒಂದೇ ನಿಯಮ ಹಾಕಿದರೆ ಒಂದಕ್ಕೆ ತಡವಾಗುತ್ತದೆ, ಇನ್ನೊಂದಕ್ಕೆ ವೃಥಾ ಖರ್ಚಾಗುತ್ತದೆ. ಪ್ರತಿ ಎಂಜಿನಿಗೂ ಅದರದೇ ಅವಳಿ ಇದ್ದರೆ ಸವೆತಕ್ಕೆ ತಕ್ಕಂತೆ ರಿಪೇರಿಯ ದಿನ ನಿಗದಿಯಾಗುತ್ತದೆ.

ಸೇತುವೆಗಳದು ಇದಕ್ಕಿಂತ ಗಂಭೀರವಾದ ವಿಷಯ. ಇಟಲಿಯ ಜಿನೋವಾ ನಗರದ ಮೊರಾಂಡಿ ಸೇತುವೆ 2018ರ ಆಗಸ್ಟ್ 14ರಂದು ಕುಸಿದು 43 ಮಂದಿ ಸತ್ತರು. 1967ರಲ್ಲಿ ತೆರೆದ ಆ ಸೇತುವೆಯನ್ನು ಹಿಡಿದಿದ್ದ ಉಕ್ಕಿನ ತಂತಿಗಳು ಕಾಂಕ್ರೀಟಿನೊಳಗೆ ಹುದುಗಿದ್ದವು. ಆದ್ದರಿಂದ ಒಳಗಿನ ತುಕ್ಕು ಹೊರಗಿನ ಕಣ್ಣಿಗೆ ಬೀಳುವಂತಿರಲಿಲ್ಲ. 2020ರಲ್ಲಿ ಅದೇ ಜಾಗದಲ್ಲಿ ತೆರೆದ, ರೆಂಝೊ ಪಿಯಾನೊ ವಿನ್ಯಾಸದ ಹೊಸ ಸೇತುವೆಗೆ ಸೆನ್ಸರುಗಳನ್ನೂ ತಳಭಾಗವನ್ನು ಸದಾ ಪರಿಶೀಲಿಸುವ ರೋಬಾಟುಗಳನ್ನೂ ಅಳವಡಿಸಲಾಗಿದೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಯೊಂದರ ಮೇಲೆ 2021ರ ಜುಲೈಯಲ್ಲಿ ತೆರೆದ 12 ಮೀಟರಿನ ಕಾಲ್ಸೇತುವೆಯದು ಪ್ರಯೋಗವಾಗಿಯೇ ಕಟ್ಟಿದ ರಚನೆ. ರೋಬಾಟುಗಳು ಸ್ಟೇನ್‌ಲೆಸ್ ಉಕ್ಕನ್ನು ಪದರಪದರವಾಗಿ ಬೆಸೆದು ಮುದ್ರಿಸಿದ ಆ ಸೇತುವೆಯ ಬಾಳಿಕೆ ಎಷ್ಟೆಂದು ಹೇಳಲು ಹಿಂದಿನ ಅನುಭವ ಯಾರಿಗೂ ಇರಲಿಲ್ಲ. ಅದಕ್ಕಾಗಿ ಮೈತುಂಬ ಸೆನ್ಸರು ಕೂರಿಸಿ, ಬಾಗು, ಕಂಪನ, ಶಾಖಗಳ ಅಂಕಿಗಳನ್ನು ಅದರ ಅವಳಿಗೆ ಹರಿಸಲಾಯಿತು. ಇದೇ ಸೆನ್ಸರುಗಳಿಂದ ಎಷ್ಟು ಜನ ಎಷ್ಟು ವೇಗದಲ್ಲಿ ಸೇತುವೆ ದಾಟಿದರು ಎಂಬುದೂ ತಿಳಿಯುತ್ತಿತ್ತು. ಉಕ್ಕನ್ನು ಗಮನಿಸಲು ಇಟ್ಟ ಯಂತ್ರ ಮನುಷ್ಯರನ್ನೂ ಗಮನಿಸುತ್ತದೆಂಬ ಸಂಗತಿಯನ್ನು ಮುಂದೆ ನೋಡಬೇಕಾಗಿದೆ.

ನಗರದ ಮಟ್ಟದಲ್ಲಿ ಹೆಚ್ಚು ಹೆಸರಾದದ್ದು ಸಿಂಗಪುರದ ಯೋಜನೆ. 2014ರಲ್ಲಿ ಘೋಷಿಸಿದ ‘ವರ್ಚುವಲ್ ಸಿಂಗಪುರ’ಕ್ಕೆ 7.3 ಕೋಟಿ ಸಿಂಗಪುರ ಡಾಲರ್ ತೆಗೆದಿರಿಸಲಾಯಿತು. ಯಾವ ಚಾವಣಿಯ ಮೇಲೆ ಸೌರಫಲಕಕ್ಕೆ ಎಷ್ಟು ಬಿಸಿಲು ಸಿಕ್ಕೀತು, ಹೊಸ ಕಟ್ಟಡ ಎದ್ದರೆ ನೆರಳು ಎಲ್ಲಿ ಬಿದ್ದೀತು, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಮೆಟ್ಟಿಲಿಲ್ಲದ ದಾರಿ ಯಾವುದು ಎಂಬಂಥ ಪ್ರಶ್ನೆಗಳಿಗೆ ಅದು ಉದ್ದೇಶಿತವಾಗಿತ್ತು. ಫಿನ್‌ಲ್ಯಾಂಡಿನ ಹೆಲ್ಸಿಂಕಿ ನಗರ ತನ್ನ ಮೂರು ಆಯಾಮದ ಮಾದರಿಯನ್ನು ಯಾರು ಬೇಕಾದರೂ ಪಡೆದು ಬಳಸಲು ಮುಕ್ತವಾಗಿ ಬಿಟ್ಟಿದೆ.

ಬೆಂಗಳೂರಿನಲ್ಲಿ ಈ ದಾರಿಯ ಕೆಲಸ ನೆರೆಯ ವಿಷಯದಲ್ಲಿ ನಡೆದಿದೆ. ದಿಣ್ಣೆಯ ಮೇಲೆ ಕೂತ ಈ ಊರಿನ ನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯ ಕಡೆಗೆ, ವೃಷಭಾವತಿಯ ನೀರು ಅರ್ಕಾವತಿಯ ಮೂಲಕ ಕಾವೇರಿಯ ಕಡೆಗೆ. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳೇ ಇಂದು ಮಳೆನೀರಿನ ದಾರಿ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರಿ ಈ ಜಾಲದ ಪ್ರವಾಹ ಮಾದರಿಯನ್ನು ರೂಪಿಸಿದವು. ಬಡಾವಣೆಗಳಲ್ಲಿರುವ ಮಳೆಮಾಪಕಗಳು ಮತ್ತು ರಾಜಕಾಲುವೆಗಳಲ್ಲಿರುವ ನೀರಿನ ಮಟ್ಟದ ಸೆನ್ಸರುಗಳು ಅದಕ್ಕೆ ಮಾಹಿತಿ ಒದಗಿಸುತ್ತವೆ. ಮಳೆ ಮತ್ತು ನೆರೆಯ ಮುನ್ಸೂಚನೆಯನ್ನು ಜನರಿಗೆ ತಲುಪಿಸಲು 2020ರಲ್ಲಿ ‘ಬೆಂಗಳೂರು ಮೇಘಸಂದೇಶ’ ಎಂಬ ಆ್ಯಪ್ ಬಂದಿತು. ಮೇಲಿನ ಮೆಟ್ಟಿಲುಗಳ ಪ್ರಕಾರ ಇದು ನೆರಳಿನ ವರ್ಗಕ್ಕೆ ಸೇರುತ್ತದೆ, ಏಕೆಂದರೆ ಮುನ್ಸೂಚನೆ ಬಂದ ಮೇಲೆ ಕೆಲಸಕ್ಕಿಳಿಯಬೇಕಾದವರು ಮನುಷ್ಯರೇ.

ಇಂಥ ಮಾದರಿಯ ಮಿತಿಯೂ ರಾಜಕಾಲುವೆಯಲ್ಲೇ ಕಾಣಸಿಗುತ್ತದೆ. ದಾಖಲೆಯಲ್ಲಿ ಅಗಲವಾಗಿರುವ ಕಾಲುವೆ ಒತ್ತುವರಿಯಿಂದ ಕಿರಿದಾಗಿದ್ದರೆ, ಹೂಳು ತುಂಬಿದ್ದರೆ, ಮೋರಿಯ ಬಾಯಿಗೆ ಕಸದ ರಾಶಿ ಅಡ್ಡ ನಿಂತಿದ್ದರೆ, ಕಂಪ್ಯೂಟರಿನಲ್ಲಿ ಸರಾಗವಾಗಿ ಹರಿದುಹೋದ ನೀರು ನೆಲದ ಮೇಲೆ ಮನೆಗಳಿಗೆ ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಮಹದೇವಪುರದ ಕಡೆ ನೀರು ನಿಂತು ಜನ ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋಗಬೇಕಾಯಿತು. ಅಲ್ಲಿ ಮೊದಲ ಚರ್ಚೆ ಎದ್ದದ್ದೇ ಕೆರೆ, ರಾಜಕಾಲುವೆಗಳ ಒತ್ತುವರಿಯ ಮೇಲೆ. ಒತ್ತುವರಿಯನ್ನು ಮಾದರಿಗೆ ತಿಳಿಸಬಹುದು. ತೆರವು ಮಾಡುವ ಇಚ್ಛೆ ಆಡಳಿತದಿಂದಲೇ ಬರಬೇಕು.

ವೈದ್ಯಕೀಯದಲ್ಲಿ ಅವಳಿ ಒಬ್ಬ ರೋಗಿಯ ಒಂದು ಅಂಗದಷ್ಟು ಸಣ್ಣದು. ಹೃದಯಾಘಾತವಾದವರ ಹೃದಯದಲ್ಲಿ ಗಾಯದ ಕಲೆ ಉಳಿಯುತ್ತದೆ. ಮಿಡಿತದ ವಿದ್ಯುತ್ ಸಂಕೇತ ಆ ಕಲೆಯ ಸುತ್ತ ಸುಳಿಯಾಗಿ ಸಿಕ್ಕಿಕೊಂಡರೆ ಲಯ ತಪ್ಪಿ ಪ್ರಾಣಕ್ಕೆ ಕುತ್ತು ಬರಬಹುದು. ಸುಳಿಯ ದಾರಿಯನ್ನು ಹುಡುಕಿ ಅಲ್ಲಿನ ಅಂಗಾಂಶವನ್ನು ಸುಟ್ಟರೆ ಲಯ ಸರಿಹೋಗುತ್ತದೆ, ಆದರೆ ಹುಡುಕುವುದು ಕಷ್ಟ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನತಾಲಿಯಾ ಟ್ರಯನೋವಾ ಅವರ ತಂಡ ರೋಗಿಯ ಎಂಆರ್‌ಐ ಚಿತ್ರಗಳಿಂದ ಅವರದೇ ಹೃದಯದ ಗಣಿತರೂಪ ಕಟ್ಟುತ್ತದೆ. ಅದಕ್ಕೆ ಹಲವು ಕಡೆಯಿಂದ ಮಿಡಿತ ಕೊಟ್ಟು, ಸುಳಿ ಎಲ್ಲಿ ಏಳುತ್ತದೆ, ಎಲ್ಲಿ ಸುಟ್ಟರೆ ಮತ್ತೆ ಏಳುವುದಿಲ್ಲ ಎಂದು ಮೊದಲೇ ನೋಡಿಕೊಳ್ಳುತ್ತದೆ. ಫ್ರಾನ್ಸಿನ ಮಾರ್ಸೇಯಲ್ಲಿ ವಿಕ್ಟರ್ ಯಿರ್ಸಾ ಅವರ ತಂಡ ಅಪಸ್ಮಾರದ ರೋಗಿಗಳ ಮಿದುಳಿಗೆ ಇಂಥದೇ ಮಾದರಿ ರೂಪಿಸಿ, ಸೆಳವು ಹುಟ್ಟುವ ಜಾಗವನ್ನು ಗುರುತಿಸಲು ಶಸ್ತ್ರವೈದ್ಯರಿಗೆ ನೆರವಾಗುವ ಪ್ರಯತ್ನದಲ್ಲಿದೆ.

ಇನ್ನೊಂದು ತುದಿಯಲ್ಲಿ ಭೂಮಿಯದೇ ಅವಳಿ ಇದೆ. ಯುರೋಪಿಯನ್ ಒಕ್ಕೂಟದ ‘ಡೆಸ್ಟಿನೇಷನ್ ಅರ್ಥ್’ ಯೋಜನೆ 2024ರ ಜೂನಿನಲ್ಲಿ ಚಾಲೂ ಆಯಿತು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬಗೆಯನ್ನು ಅರಿಯಲು ಒಂದು ಅವಳಿ, ಬಿರುಗಾಳಿ, ಪ್ರವಾಹದಂಥ ಉಗ್ರ ವಿದ್ಯಮಾನಗಳಿಗೆ ಇನ್ನೊಂದು. ಫಿನ್‌ಲ್ಯಾಂಡಿನ ಕಯಾನಿಯಲ್ಲಿರುವ ಲೂಮಿ ಮೊದಲಾದ ಮಹಾಗಣಕಗಳಲ್ಲಿ ಇವು ನಡೆಯುತ್ತವೆ. 2030ರ ಹೊತ್ತಿಗೆ ಭೂಮಿಯ ಪೂರ್ಣ ಪ್ರತಿರೂಪ ಕಟ್ಟುವ ಗುರಿ ಅದಕ್ಕಿದೆ.

ಎಂಜಿನಿನ ಅವಳಿಯಿಂದ ಊರಿನ ಅವಳಿಗೆ ಬರುವಾಗ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ಎಂಜಿನಿಗೆ ಹಕ್ಕುಗಳಿಲ್ಲ, ಊರಿನಲ್ಲಿರುವವರಿಗೆ ಇವೆ.

ಮೊದಲನೆಯದು ಅಳತೆಯ ಪ್ರಶ್ನೆ. ಅಳೆಯದೆ ಬಿಟ್ಟದ್ದು ಅವಳಿಯಲ್ಲಿ ಇರುವುದಿಲ್ಲ. ಮೀಟರು, ಸ್ಮಾರ್ಟ್‌ಫೋನು, ಖಾತೆ ಸಂಖ್ಯೆ ಇರುವ ಮನೆಗಳು ಮಾಹಿತಿಯಲ್ಲಿ ದಟ್ಟವಾಗಿ ಮೂಡುತ್ತವೆ. ಹಕ್ಕುಪತ್ರವಿಲ್ಲದ ಗುಡಿಸಲು, ಬೀದಿಬದಿಯ ತಳ್ಳುಗಾಡಿ, ವಲಸೆ ಕೂಲಿಕಾರರ ಶೆಡ್ಡುಗಳು ಮಸುಕಾಗಿ ಉಳಿಯುತ್ತವೆ. ಇಂಥ ಅವಳಿಯನ್ನು ಮುಂದಿಟ್ಟುಕೊಂಡು ಬಸ್ಸಿನ ದಾರಿ, ನೀರಿನ ಕೊಳವೆ, ತೆರವಿನ ನಕ್ಷೆಗಳನ್ನು ನಿರ್ಧರಿಸಿದರೆ, ಕಾಣದವರಿಗೆ ಆಗುವ ಅನ್ಯಾಯ ಲೆಕ್ಕದ ಬಲದಿಂದಲೇ ಸಮರ್ಥನೆ ಪಡೆಯುತ್ತದೆ.

ಎರಡನೆಯದು ಖಾಸಗಿತನ. ವಿದ್ಯುತ್ ಬಳಕೆಯ ಅಂಕಿಗಳು ಮನೆಯಲ್ಲಿ ಜನ ಯಾವಾಗ ಏಳುತ್ತಾರೆ, ಯಾವಾಗ ಊರಿಗೆ ಹೋಗಿದ್ದಾರೆ ಎಂಬುದನ್ನು ಹೇಳಬಲ್ಲವು. ಹೆಸರು ಅಳಿಸಿದರೂ ಓಡಾಟದ ದಾರಿಯಿಂದ ವ್ಯಕ್ತಿಯನ್ನು ಗುರುತಿಸಬಹುದು. ಕೆನಡಾದ ಟೊರೊಂಟೊ ನಗರದ ಸರೋವರದ ದಂಡೆಯಲ್ಲಿ ಗೂಗಲ್ ಬಳಗದ ಸೈಡ್‌ವಾಕ್ ಲ್ಯಾಬ್ಸ್ ಸೆನ್ಸರು ತುಂಬಿದ ಬಡಾವಣೆಯೊಂದನ್ನು 2017ರಲ್ಲಿ ಘೋಷಿಸಿತು. ಸಂಗ್ರಹವಾದ ಮಾಹಿತಿಯಿಂದ ವ್ಯಕ್ತಿಯ ಗುರುತನ್ನು ಆಗಿಂದಾಗಲೇ ಅಳಿಸಲು ಎಲ್ಲ ಪಾಲುದಾರರನ್ನೂ ಕಟ್ಟುಪಡಿಸಲಾಗದೆಂದು ತಿಳಿದಾಗ, ಅದರ ಸಲಹೆಗಾರರಾಗಿದ್ದ ಖಾಸಗಿತನ ತಜ್ಞೆ ಆ್ಯನ್ ಕವೂಕಿಯನ್ 2018ರಲ್ಲಿ ಹೊರನಡೆದರು. ನಾಗರಿಕರ ವಿರೋಧವೂ ಬಲವಾಗಿತ್ತು. 2020ರ ಮೇ ತಿಂಗಳಲ್ಲಿ, ಆರ್ಥಿಕ ಅನಿಶ್ಚಿತತೆಯ ಕಾರಣ ಕೊಟ್ಟು ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅವಕಾಶವೂ ಅದರಲ್ಲಿದೆ. ನಗರಗಳ ಅವಳಿಗಳನ್ನು ಕಟ್ಟಿಸುವವು ಹೆಚ್ಚಾಗಿ ಸರ್ಕಾರಿ ಸಂಸ್ಥೆಗಳೇ ಆದ್ದರಿಂದ ಈ ಅಂಶಕ್ಕೆ ಮಹತ್ವ ಬರುತ್ತದೆ.

ಮೂರನೆಯದು ಒಡೆತನ. ಯಂತ್ರ ಕೊಂಡವರದು, ಅದು ಹೊಮ್ಮಿಸುವ ಮಾಹಿತಿ ಮಾತ್ರ ತಯಾರಕರ ಸರ್ವರಿನಲ್ಲಿ. ಸದ್ದು ಕೇಳಿಯೇ ದೋಷ ಹಿಡಿಯುತ್ತಿದ್ದ ಮೆಕ್ಯಾನಿಕ್ಕಿನ ಜಾಣ್ಮೆ ವರ್ಕ್‌ಶಾಪಿನಿಂದ ದೂರದ ಕಂಪ್ಯೂಟರಿಗೆ ವರ್ಗವಾದಾಗ ರಿಪೇರಿಯ ಹಕ್ಕೂ ಅದರ ಹಿಂದೆಯೇ ಹೋಗುತ್ತದೆ. ನಗರಪಾಲಿಕೆಯ ಮಾಹಿತಿ ಒಂದೇ ಕಂಪನಿಯ ಸಾಫ್ಟ್‌ವೇರಿನಲ್ಲಿ ಸಿಕ್ಕಿಕೊಂಡರೆ ಗುತ್ತಿಗೆ ಬದಲಿಸುವುದೇ ದುಸ್ತರವಾಗುತ್ತದೆ.

ನಾಲ್ಕನೆಯದು ಭದ್ರತೆ. ಮಾಹಿತಿ ಎರಡೂ ಕಡೆಗೆ ಹರಿಯುವುದೇ ಅವಳಿಯ ಬಲ. ದಾಳಿಕೋರರ ಕೈಗೆ ಸಿಕ್ಕರೆ ಅದೇ ದಾರಿ ವಿದ್ಯುತ್ ಜಾಲಕ್ಕೋ ನೀರು ಸರಬರಾಜಿಗೋ ಬಾಗಿಲಾಗುತ್ತದೆ. ನಿಯಂತ್ರಣವನ್ನು ಮುಟ್ಟದೆ ಸುಳ್ಳು ಅಂಕಿಗಳನ್ನು ತೂರಿಸಿದರೂ ಸಾಕು, ಅವಳಿ ತಪ್ಪು ತೀರ್ಮಾನಕ್ಕೆ ಬರುತ್ತದೆ.

ಐದನೆಯದು ಹೊಣೆಗಾರಿಕೆ. ಅವಳಿಯ ಮುನ್ಸೂಚನೆ ನಂಬಿ ಅಣೆಕಟ್ಟಿನ ಗೇಟು ತೆರೆದು ಕೆಳಗಿನ ಹಳ್ಳಿ ಮುಳುಗಿದರೆ ಉತ್ತರ ಕೊಡಬೇಕಾದವರು ಯಾರು? ಎಂಜಿನಿಯರೋ, ಸಾಫ್ಟ್‌ವೇರ್ ಬರೆದವರೋ, ಸೆನ್ಸರು ಒದಗಿಸಿದವರೋ? ಇದು ಮೊದಲೇ ಇತ್ಯರ್ಥವಾಗದಿದ್ದರೆ ಕೊನೆಗೆ ಹೊಣೆ ಯಾರ ಮೇಲೂ ನಿಲ್ಲುವುದಿಲ್ಲ.

ಇವಕ್ಕೆ ಉತ್ತರ ಹುಡುಕುವ ಯತ್ನಗಳು ಆರಂಭವಾಗಿವೆ. ಬ್ರಿಟನ್ನಿನಲ್ಲಿ 2018ರಲ್ಲಿ ಕೇಂಬ್ರಿಜ್‌ನ ಕೇಂದ್ರವೊಂದು ‘ಜೆಮಿನಿ ಸೂತ್ರ’ಗಳನ್ನು ಪ್ರಕಟಿಸಿತು. ಅವಳಿಗೆ ಸ್ಪಷ್ಟ ಉದ್ದೇಶವಿರಬೇಕು, ಅದು ಜನರ ಹಿತಕ್ಕೆ ಒದಗಬೇಕು, ನಂಬಿಕೆಗೆ ಅರ್ಹವಾಗಿರಬೇಕು, ಅದರ ಉಸ್ತುವಾರಿ ಯಾರದೆಂದು ಗೊತ್ತಿರಬೇಕು ಎಂಬುದು ಅವುಗಳ ಸಾರ. ಭಾರತದ 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ 2035ರೊಳಗೆ ಪ್ರಮುಖ ನಗರ, ಪಟ್ಟಣಗಳ ಡಿಜಿಟಲ್ ಅವಳಿಗಳನ್ನು ರೂಪಿಸುವ ಗುರಿ ಇಟ್ಟಿದೆ. ದೂರಸಂಪರ್ಕ ಇಲಾಖೆ 2024ರ ಫೆಬ್ರುವರಿಯಲ್ಲಿ ‘ಸಂಗಮ್’ ಎಂಬ ಹೆಸರಿನಲ್ಲಿ ಮೂಲಸೌಕರ್ಯ ಯೋಜನೆಗೆ ಅವಳಿಗಳನ್ನು ಬಳಸಿನೋಡುವ ಉಪಕ್ರಮ ಆರಂಭಿಸಿತು.

ಇಂಥ ಯೋಜನೆಗಳ ಯಶಸ್ಸನ್ನು ನಿರ್ಧರಿಸುವುದು ಉದ್ಘಾಟನೆಯ ದಿನದ ಪರದೆಯಲ್ಲ, ಐದು ವರ್ಷದ ನಂತರದ ನಿರ್ವಹಣೆ. ಸೆನ್ಸರುಗಳು ಮಣ್ಣು ಹಿಡಿಯುತ್ತವೆ, ಬ್ಯಾಟರಿ ಮುಗಿಯುತ್ತದೆ, ಹೊಸ ರಸ್ತೆ, ಹೊಸ ಮೋರಿಗಳು ಬರುತ್ತವೆ. ಇವನ್ನೆಲ್ಲ ದಾಖಲಿಸುವ ಸಿಬ್ಬಂದಿ ಮತ್ತು ವರ್ಷವರ್ಷದ ಹಣ ಇಲ್ಲದೆಹೋದರೆ ಅವಳಿ ಮೂಲದಿಂದ ದೂರ ಸರಿಯುತ್ತ ಹೋಗುತ್ತದೆ, ಆದರೆ ನೋಡಲು ಮೊದಲಿನಷ್ಟೇ ಅಚ್ಚುಕಟ್ಟಾಗಿರುತ್ತದೆ. ಅದು ಹೇಳಿದ್ದನ್ನು ನೆಲದ ಮೇಲಿನ ಸ್ಥಿತಿಯೊಂದಿಗೆ ತಾಳೆ ನೋಡುವ ಅಧಿಕಾರ ಹೊರಗಿನ ತಜ್ಞರಿಗಿರಬೇಕು. ತಪ್ಪು ಕಂಡರೆ ತಿದ್ದಿಸುವ ಹಕ್ಕು ಅಲ್ಲಿ ವಾಸಿಸುವ ಜನರಿಗೂ ಇರಬೇಕು.